ನಾಯಿಗೆ ಗೊತ್ತು, ಹೇಳಲು ಬಾಯಿಲ್ಲ: ಕಾಡು ಮತ್ತು ಕೆಲಸದ ನಾಯಿ ಇರುವ ಥ್ರಿಲ್ಲರ್ ಬರೆಯುವುದು ಹೇಗೆ?

"ಕಾಡು, ಕಳ್ಳಬೇಟೆ, ಒಂದು ನಾಯಿ ಇಟ್ಟುಕೊಂಡು ಸಸ್ಪೆನ್ಸ್ ಕಾದಂಬರಿ ಬರೆಯಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು, ಗೊತ್ತಿರುವುದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಓದಿ ನೋಡಿ ಎಂದು ನನಗೆ ಕಳಿಸುವ ಕಥೆಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ನಾಯಿ ಎಲ್ಲ ಬಲ್ಲ ದೇವರಾಗಿಬಿಡುತ್ತದೆ. ಮೂಸುತ್ತದೆ, ಓಡುತ್ತದೆ, ಕಳ್ಳನ ಕೈ ಕಚ್ಚುತ್ತದೆ, ಮುಗಿಯಿತು. ಅಲ್ಲಿ ಕುತೂಹಲಕ್ಕೆ ಜಾಗವೇ ಇಲ್ಲ. ನಿಜವಾದ ಬಿಗಿ ಇರುವುದು ಬೇರೆ ಕಡೆ. ನಾಯಿಗೆ ವಿಷಯ ಗೊತ್ತಿರುತ್ತದೆ, ಹೇಳಲು ಬಾಯಿಲ್ಲ. ಮನುಷ್ಯನಿಗೆ ಬಾಯಿದೆ, ವಿಷಯ ಗೊತ್ತಿಲ್ಲ. ಇಬ್ಬರ ನಡುವೆ ಇರುವುದು ಹತ್ತು ಮೀಟರ್ ಹಗ್ಗ ಮಾತ್ರ. ನಿಮ್ಮ ಕಥೆ ಆ ಹಗ್ಗದ ಮೇಲೆ ನಡೆಯಬೇಕು.

ಉದಾಹರಣೆಗೆ ನಾನು ಬಂಡೀಪುರವನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿ ಅರಣ್ಯ ಇಲಾಖೆಯ ನಾಯಿಗಳು ನಿಜವಾಗಿ ಕೆಲಸ ಮಾಡಿವೆ. 'ರಾಣಾ' ಎಂಬ ಜರ್ಮನ್ ಶೆಫರ್ಡ್ ಹೆಸರು ಪೇಪರ್ ಓದುವವರಿಗೆ ನೆನಪಿರಬಹುದು. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆಯ ಚೌಡಹಳ್ಳಿ ಸುತ್ತಮುತ್ತ ಹುಲಿ ಹಿಡಿಯುವ ಕಾರ್ಯಾಚರಣೆಯಲ್ಲೂ ಅದು ಇತ್ತು. ನಿಮ್ಮ ಕಥೆ ಬೇರೆ ಕಾಡಿನದ್ದಾದರೂ ಹಂತಗಳು ಇವೇ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್. ನೀವು ಆರಿಸಿದ ಕಾಡಿನ ನಕ್ಷೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದು ಪ್ರತಿ, 2022ರ ತಿದ್ದುಪಡಿ ಸೇರಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ನಾಯಿಯೊಂದನ್ನು ಅರ್ಧ ದಿನವಾದರೂ ಕಣ್ಣಾರೆ ನೋಡಿರಬೇಕು. ಪೊಲೀಸ್ ಶ್ವಾನದಳಗಳು ಸಾರ್ವಜನಿಕರಿಗೆ ಪ್ರದರ್ಶನ ಕೊಡುವುದುಂಟು, ಅಲ್ಲಿಗೆ ಹೋಗಿ. ನಾಯಿಯನ್ನು ನೋಡುವುದಕ್ಕಿಂತ ಜಾಸ್ತಿ ಹಗ್ಗ ಹಿಡಿದವರ ಕೈಯನ್ನು ನೋಡಿ. ಇಲಾಖೆಯ ನಾಯಿ ನೋಡಬೇಕೆಂದರೆ ಡಿಸಿಎಫ್ ಕಚೇರಿಗೆ, ಅಂದರೆ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಪತ್ರ ಬರೆದು ಅನುಮತಿ ಕೇಳಿ.

ಎಚ್ಚರಿಕೆ: "ಕಥೆಗಾಗಿ ಸ್ವಲ್ಪ ಒಳಗೆ ಹೋಗಿ ಬರುತ್ತೇನೆ" ಎಂದು ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬೇಡಿ. ಅದು ಅಪರಾಧ. ಆನೆಗೆ ನೀವು ಲೇಖಕರು ಅಂತ ಗೊತ್ತಾಗುವುದೂ ಇಲ್ಲ.

ಹಂತ 1: ನಾಯಿಯ ಕೆಲಸ ಯಾವುದು, ಒಂದೇ ಮಾತಿನಲ್ಲಿ ಬರೆದಿಡಿ

ಒಂದೇ ನಾಯಿ ಚರ್ಮವನ್ನೂ ಹುಡುಕಿ, ಕಳ್ಳನ ಹಿಂದೆಯೂ ಓಡಿ, ಮಣ್ಣಿನಡಿ ಸಿಕ್ಕವರನ್ನೂ ಎತ್ತುವ ಕಥೆ ಬೇಡ. ಕೆಲಸದ ನಾಯಿಗಳಲ್ಲಿ ಬೇರೆಬೇರೆ ಬಗೆಗಳಿವೆ.

ಪತ್ತೆ ನಾಯಿ ತನಗೆ ಕಲಿಸಿದ ಕೆಲವು ವಾಸನೆಗಳನ್ನು ಮಾತ್ರ ಹುಡುಕುತ್ತದೆ. ವನ್ಯಜೀವಿ ಕೆಲಸಕ್ಕಾದರೆ ಹುಲಿ, ಚಿರತೆಯ ಚರ್ಮ ಮತ್ತು ಮೂಳೆ, ಆನೆದಂತ, ಜಿಂಕೆ ಕೊಂಬು, ಚಿಪ್ಪುಹಂದಿಯ ಚಿಪ್ಪು ಇಂಥವು. ಟ್ರಾಫಿಕ್ ಎಂಬ ಸಂಸ್ಥೆ ವನ್ಯಜೀವಿಗಳ ಕಳ್ಳವ್ಯಾಪಾರದ ಮೇಲೆ ಕಣ್ಣಿಟ್ಟಿರುತ್ತದೆ. ಅದು 2008ರಲ್ಲಿ ನಮ್ಮ ದೇಶದಲ್ಲಿ ಇಂಥ ನಾಯಿಗಳ ತರಬೇತಿ ಶುರು ಮಾಡಿತು. ಮೊದಲು ಭೋಪಾಲದಲ್ಲಿ, ಆಮೇಲೆ ಹರಿಯಾಣದ ಪಂಚಕುಲದಲ್ಲಿರುವ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಕೇಂದ್ರದಲ್ಲಿ ಅನೇಕ ರಾಜ್ಯಗಳ ನಾಯಿಗಳು ಪಳಗಿವೆ. ತರಬೇತಿಗೆ ಏಳರಿಂದ ಒಂಬತ್ತು ತಿಂಗಳು ಬೇಕು. ಒಂದು ನಾಯಿಗೆ ಇಬ್ಬರು ಹ್ಯಾಂಡ್ಲರ್‌ಗಳು. ನಾಯಿಯನ್ನು ಸಾಕಿ, ಪಳಗಿಸಿ, ಕೆಲಸ ಮಾಡಿಸುವ ಸಿಬ್ಬಂದಿಯೇ ಹ್ಯಾಂಡ್ಲರ್.

ಜಾಡು ನಾಯಿ ಒಬ್ಬ ವ್ಯಕ್ತಿ ನಡೆದುಹೋದ ದಾರಿಯನ್ನು ನೆಲಕ್ಕೆ ಮೂಗಿಟ್ಟು ಹಿಂಬಾಲಿಸುತ್ತದೆ. ವನ್ಯಜೀವಿ ನಾಯಿಗಳಿಗೆ ಪತ್ತೆಯ ಜೊತೆಗೆ ಇದನ್ನೂ ಸ್ವಲ್ಪ ಕಲಿಸಿರುತ್ತಾರೆ.

ರಕ್ಷಣಾ ನಾಯಿಯದ್ದು ಬೇರೆಯೇ ಲೆಕ್ಕ. ಅದಕ್ಕೆ ಇಂಥವರೇ ಎಂದಿಲ್ಲ. ಆ ಜಾಗದಲ್ಲಿ ಉಸಿರಾಡುತ್ತಿರುವ ಯಾವ ಮನುಷ್ಯನಾದರೂ ಸರಿ, ಗಾಳಿಯಲ್ಲಿ ತೇಲಿಬರುವ ವಾಸನೆ ಹಿಡಿದು ಬೊಗಳುತ್ತದೆ. 2023ರ ಫೆಬ್ರವರಿಯಲ್ಲಿ ಟರ್ಕಿಯ ಭೂಕಂಪಕ್ಕೆ ನಮ್ಮ ಎನ್‌ಡಿಆರ್‌ಎಫ್, ಅಂದರೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಹೋಗಿತ್ತು. ಕುಸಿದ ಕಟ್ಟಡದ ಕೆಳಗೆ ಆರು ವರ್ಷದ ಹುಡುಗಿ ಜೀವಂತ ಇದ್ದಾಳೆ ಎಂದು ತೋರಿಸಿದ್ದು ಆ ಪಡೆಯ ಜೂಲಿ, ರೋಮಿಯೊ ಎಂಬ ಲ್ಯಾಬ್ರಡಾರ್‌ಗಳು.

ಶವ ಹುಡುಕುವ ನಾಯಿ ಇನ್ನೊಂದು ಬಗೆ. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಮಾಡಿದ್ದು ಈ ಕೆಲಸವನ್ನೇ.

ಈ ವ್ಯತ್ಯಾಸವನ್ನೇ ಕಥೆಗೆ ಬಳಸಿಕೊಳ್ಳಬಹುದು. ಕಾಡಿನಲ್ಲಿ ಒಬ್ಬ ವಾಚರ್, ಅಂದರೆ ಕಾಡು ಕಾಯುವ ಸಿಬ್ಬಂದಿ, ಕಾಣೆಯಾಗಿದ್ದಾನೆ ಎಂದುಕೊಳ್ಳಿ. ಕೈಗೆ ಸಿಗುವ ನಾಯಿ ಹುಲಿಮೂಳೆ ಹುಡುಕಲು ಕಲಿತದ್ದು. ಮನುಷ್ಯರನ್ನು ಹುಡುಕುವ ನಾಯಿ ಬೆಂಗಳೂರಿನಿಂದ ಬರಬೇಕು. ಬರುವಷ್ಟರಲ್ಲಿ ನಾಲ್ಕೈದು ಗಂಟೆಯಾಗುತ್ತದೆ. ಅಲ್ಲಿಯವರೆಗೆ ಏನು ಮಾಡುತ್ತೀರಿ? ನೋಡಿ, ಇಲ್ಲೇ ಕಥೆ ಶುರುವಾಯಿತು.

ತಳಿಯ ಬಗ್ಗೆ ಒಂದು ಮಾತು. ನಮ್ಮವರಿಗೆ ಮುಧೋಳ ನಾಯಿಯ ಮೇಲೆ ತುಂಬ ಅಭಿಮಾನ, ನನಗೂ ಇದೆ. ಆದರೆ ಮುಧೋಳ ಮೂಲತಃ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದ ಚಲನೆ ಕಂಡು ಬಾಣದಂತೆ ಓಡುವುದು ಅದರ ಶಕ್ತಿ. ಮೇರಠ್‌ನ ಸೇನಾ ಕೇಂದ್ರದಲ್ಲಿ ಮುಧೋಳಗಳಿಗೂ ತರಬೇತಿ ಕೊಟ್ಟಿದ್ದಾರೆ, ಹಾಗಾಗಿ ಕಥೆಯಲ್ಲಿ ತರಬಹುದು. ತಂದರೆ ಓಟಕ್ಕೂ ಕಣ್ಣಿಗೂ ಕೆಲಸ ಕೊಡಿ. ಎರಡು ದಿನದ ಹಳೇ ಜಾಡು ಹಿಡಿಯುವ ಕೆಲಸವನ್ನು ಜರ್ಮನ್ ಶೆಫರ್ಡ್‌ಗೋ ಬೆಲ್ಜಿಯನ್ ಮ್ಯಾಲಿನಾಯ್ಸ್‌ಗೋ ಬಿಡಿ.

ಹಂತ 2: ಇಡೀ ಕಾಡು ಬೇಡ, ಒಂದು ವಲಯ ಸಾಕು

'ದಟ್ಟ ಕಾಡು' ಎಂದು ಬರೆದರೆ ಓದುವವರ ಕಣ್ಣಿಗೆ ಏನೂ ಕಾಣುವುದಿಲ್ಲ. ಬಂಡೀಪುರದಲ್ಲಿ ಮದ್ದೂರು, ಮೊಳೆಯೂರು, ಕುಂದಕೆರೆ, ಗುಂಡ್ರೆ, ಹೆಡಿಯಾಲ ಹೀಗೆ ಹಲವು ವಲಯಗಳಿವೆ. ವಲಯ ಅಂದರೆ ಒಬ್ಬ ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಕೈಕೆಳಗಿನ ಕಾಡು. ಅವರ ಕೆಳಗೆ ಡಿಆರ್‌ಎಫ್‌ಓಗಳು (ಉಪ ವಲಯ ಅರಣ್ಯಾಧಿಕಾರಿಗಳು), ಗಾರ್ಡ್‌ಗಳು, ವಾಚರ್‌ಗಳು. ವಾಚರ್‌ಗಳು ತಂಗುವ ಕಳ್ಳಬೇಟೆ ತಡೆ ಶಿಬಿರಗಳು ಕಾಡಿನೊಳಗೆ ಅಲ್ಲಲ್ಲಿ ಇರುತ್ತವೆ. ಆನೆ ಬರದಂತೆ ಸುತ್ತ ಕಂದಕ ತೋಡಿರುತ್ತಾರೆ.

ಕಾಲವನ್ನೂ ಖಚಿತ ಮಾಡಿಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಲೆ ಉದುರಿ ಕಾಡು ಒಣಗಿರುತ್ತದೆ, ಬೆಂಕಿಯ ಭಯ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರಿಯಿತು ಎಂದು ನಾವೆಲ್ಲ ನೋಡಿದ್ದೇವೆ. ಮಳೆಗಾಲದಲ್ಲಿ ಹುಲ್ಲು, ಲಂಟಾನ ಎಂಬ ಕಳೆಪೊದೆ ಆಳೆತ್ತರ. ಅದರೊಳಗೆ ಗಾಳಿ ಆಡುವುದಿಲ್ಲ, ನಾಯಿಯ ಹಗ್ಗ ಸಿಕ್ಕಿಕೊಳ್ಳುತ್ತದೆ, ಮೂರು ಹೆಜ್ಜೆ ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಒಂದೇ ಘಟನೆ ಮಾರ್ಚ್‌ನಲ್ಲಿ ನಡೆದರೆ ಒಂದು ಕಥೆ, ಆಗಸ್ಟ್‌ನಲ್ಲಿ ನಡೆದರೆ ಇನ್ನೊಂದು.

ಹಂತ 3: ಮೂಗು ಹೇಗೆ ಕೆಲಸ ಮಾಡುತ್ತದೆ, ಇದನ್ನು ಸರಿಯಾಗಿ ಕಲಿಯಿರಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಕಥೆಯ ಯಂತ್ರ ಇರುವುದೇ ಇಲ್ಲಿ.

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50-60 ಲಕ್ಷ. ನಾಯಿಯಲ್ಲಿ ತಳಿಗೆ ತಕ್ಕಂತೆ 20-30 ಕೋಟಿ. ಆದರೆ ಈ ಲೆಕ್ಕಕ್ಕಿಂತ ನಿಮಗೆ ಬೇಕಾದದ್ದು ಗಾಳಿಯ ಲೆಕ್ಕ. ವಾಸನೆ ಹೊಗೆಯ ಹಾಗೆ. ಹೊರಟ ಜಾಗದಲ್ಲಿ ಸಣ್ಣಗೆ ಇದ್ದು, ಗಾಳಿ ಬೀಸಿದ ಕಡೆಗೆ ಅಗಲವಾಗುತ್ತಾ ಹೋಗುತ್ತದೆ. ನಾಯಿ ಆ ಅಗಲದ ಒಂದು ಅಂಚಿಗೆ ಬಂದು, ವಾಸನೆ ತಪ್ಪಿದ ಕೂಡಲೇ ತಿರುಗಿ, ಇನ್ನೊಂದು ಅಂಚಿಗೆ ಹೋಗುತ್ತದೆ. ಹೀಗೆ ಅಂಕುಡೊಂಕಾಗಿ ನಡೆಯುತ್ತಾ ಮೂಲದ ಹತ್ತಿರ ಬರುತ್ತದೆ. ಗಾಳಿಯಲ್ಲಿ ಮೂಸುವ ನಾಯಿ ನೇರ ಓಡುವ ದೃಶ್ಯ ಬರೆದಿದ್ದರೆ ಅದನ್ನು ಅಳಿಸಿ, ಅಂಕುಡೊಂಕು ಬರೆಯಿರಿ. ಓದುಗರಿಗೆ "ಹತ್ತಿರ ಬಂತು, ಇಲ್ಲ ತಪ್ಪಿತು, ಮತ್ತೆ ಬಂತು" ಎನ್ನುವ ಉಸಿರಾಟ ಅಲ್ಲೇ ಸಿಗುತ್ತದೆ.

ರಾತ್ರಿ ತಣ್ಣಗಿನ ಗಾಳಿ ಇಳಿಜಾರಿನಲ್ಲಿ ಜಾರಿ ಹಳ್ಳದಲ್ಲಿ ನಿಲ್ಲುತ್ತದೆ, ಜೊತೆಗೆ ವಾಸನೆಯೂ. ಬಿಸಿಲೇರಿದ ಮೇಲೆ ಅದೇ ಗಾಳಿ ಗುಡ್ಡ ಹತ್ತುತ್ತದೆ. ಹಾಗಾಗಿ ಬೆಳಗಿನ ಜಾವ ಹಳ್ಳದಲ್ಲಿ ನಿಂತು ತಲೆಯೆತ್ತಿದ ನಾಯಿ, ಹತ್ತು ಗಂಟೆಗೆ ಅದೇ ಹಳ್ಳದಲ್ಲಿ ಏನೂ ಇಲ್ಲ ಎನ್ನುವಂತೆ ನಡೆದುಬಿಡಬಹುದು. ನಾಯಿ ತಪ್ಪು ಮಾಡಿಲ್ಲ, ಗಾಳಿ ತಿರುಗಿದೆ. ಇದು ಗೊತ್ತಿಲ್ಲದ ಅಧಿಕಾರಿ "ನಿನ್ನ ನಾಯಿ ಪ್ರಯೋಜನ ಇಲ್ಲ" ಎಂದು ಹುಡುಕಾಟ ನಿಲ್ಲಿಸಿದರೆ, ಓದುಗರು ಪುಸ್ತಕ ಕೆಳಗಿಡುವುದಿಲ್ಲ.

ತೇವವಿದ್ದ ತಂಪು ನೆಲ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋರು ಮಳೆ ತೊಳೆದುಬಿಡುತ್ತದೆ. ಬಿಸಿಲಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಇಪ್ಪತ್ತು ಮೂವತ್ತು ನಿಮಿಷ ಗಟ್ಟಿ ಕೆಲಸ ಮಾಡಿದ ಮೇಲೆ ನೆರಳು, ನೀರು, ವಿಶ್ರಾಂತಿ ಕೊಡಲೇಬೇಕು. ಇಡೀ ಹಗಲು ನಿಲ್ಲದೆ ಓಡುವ ನಾಯಿ ಸಿನಿಮಾದ್ದು.

ಇನ್ನೊಂದು ಸಂಗತಿ ಇದೆ, ಅದು ನಿಮ್ಮ ಕೈಗೆ ಸಿಕ್ಕ ಚಿನ್ನ. ವಸ್ತು ಇಲ್ಲದಿದ್ದರೂ ವಾಸನೆ ಉಳಿದಿರುತ್ತದೆ. ಹುಲಿಯ ಮೂಳೆ ಇಟ್ಟಿದ್ದ ಚೀಲ ಖಾಲಿಯಾದ ಮೇಲೂ ನಾಯಿ ಅದರ ಮುಂದೆ ಕೂರುತ್ತದೆ. ಈಗ ಹೀಗೆ ಯೋಚಿಸಿ. ಕಾಣೆಯಾದ ವಾಚರ್‌ನನ್ನು ಹುಡುಕಲು ಹೊರಟ ದಿನ ನಿಮ್ಮ ಕಥೆಯ ನಾಯಿ ಇಲಾಖೆಯದ್ದೇ ಜೀಪಿನ ಮುಂದೆ ಸುಮ್ನೆ ಕೂತುಬಿಡುತ್ತದೆ. ಹ್ಯಾಂಡ್ಲರ್‌ನ ಎದೆ ಧಸಕ್ಕೆನ್ನುತ್ತದೆ. ಆಮೇಲೆ ಸಮಾಧಾನ ಮಾಡಿಕೊಳ್ಳುತ್ತಾನೆ. ಹೋದ ತಿಂಗಳು ಸತ್ತ ಹುಲಿಯನ್ನು ಸಾಗಿಸಿದ್ದು ಇದೇ ಜೀಪಿನಲ್ಲಿ ಅಲ್ವಾ, ಆ ವಾಸನೆ ಇರಬೇಕು. ಈ ವಿವರಣೆ ಪೂರ್ತಿ ಸರಿ ಇರಬಹುದು. ತಪ್ಪೂ ಆಗಿರಬಹುದು. ಈ ಒಂದು ಅನುಮಾನದ ಮೇಲೆ ಮುನ್ನೂರು ಪುಟ ನಿಲ್ಲಿಸಬಹುದು.

ಹಂತ 4: ಹ್ಯಾಂಡ್ಲರ್ ಯಾರು?

ನಾಯಿ ಬಗ್ಗೆ ಹತ್ತು ಪುಟ ಟಿಪ್ಪಣಿ ಮಾಡಿಕೊಂಡು ಹ್ಯಾಂಡ್ಲರ್ ಬಗ್ಗೆ ಎರಡು ಸಾಲು ಬರೆಯುವವರೇ ಜಾಸ್ತಿ. ಉಲ್ಟಾ ಮಾಡಿ.

ಅವನ ದಿನಚರಿ ಬರೆಯಿರಿ. ಬೆಳಿಗ್ಗೆ ನಾಯಿಯ ಮೈ ಉಜ್ಜುವುದು, ಕಿವಿ ಮತ್ತು ಬೆರಳ ಸಂದಿಯಲ್ಲಿ ಉಣ್ಣೆಹುಳು ಹುಡುಕಿ ಕೀಳುವುದು, ಅಂಗಾಲು ನೋಡುವುದು, ನಡಿಗೆ, ಅಭ್ಯಾಸ, ಊಟ. ಕೆಲಸಕ್ಕೆ ಹೊರಡುವಾಗ ಎದೆಪಟ್ಟಿ ಕಟ್ಟುತ್ತಾನೆ. ಪಟ್ಟಿ ಬಿಗಿದ ಕೂಡಲೇ ನಾಯಿಗೆ ಇದು ಡ್ಯೂಟಿ ಎಂದು ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಚೆಂಡು. ಆ ಚೆಂಡಿಗಾಗಿಯೇ ಅದು ಇಷ್ಟೆಲ್ಲ ಮಾಡುವುದು. ನಾಯಿಗೆ ಹುಲಿ ಸಂರಕ್ಷಣೆ ಗೊತ್ತಿಲ್ಲ, ಚೆಂಡು ಗೊತ್ತು. ಇದನ್ನು ಪ್ರಾಮಾಣಿಕವಾಗಿ ಬರೆದರೆ ನಾಯಿಯ ಮೇಲೆ ಓದುಗರ ಪ್ರೀತಿ ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತದೆ.

ವಸ್ತು ಸಿಕ್ಕಾಗ ನಾಯಿ ಕೊಡುವ ಗುರುತಿಗೆ 'ಸೂಚನೆ' ಎನ್ನೋಣ. ವನ್ಯಜೀವಿ ನಾಯಿಗಳಿಗೆ ಸಾಮಾನ್ಯವಾಗಿ ಸುಮ್ಮನೆ ಕೂರಲು ಕಲಿಸುತ್ತಾರೆ. ಕೆರೆದು ಎಳೆದಾಡಿದರೆ ಸಾಕ್ಷ್ಯ ಹಾಳಾಗುತ್ತದೆ, ಅದಕ್ಕೆ. ಆದರೆ ಒಳ್ಳೆಯ ಹ್ಯಾಂಡ್ಲರ್ ನಾಯಿ ಕೂರುವುದಕ್ಕೂ ಮೊದಲೇ ಓದುತ್ತಾನೆ. ಬಾಲದ ತುದಿ ಗಟ್ಟಿಯಾಗುತ್ತದೆ. ಬಾಯಿ ಮುಚ್ಚುತ್ತದೆ. ಉಸಿರಾಟದ ಸದ್ದು ಬದಲಾಗುತ್ತದೆ. ಹಗ್ಗದಲ್ಲಿ ಒಂದು ತೂಕ ಬರುತ್ತದೆ. ಈ ನಾಲ್ಕು ಗುರುತುಗಳನ್ನು ಮೊದಲ ಅಧ್ಯಾಯದಲ್ಲೇ, ಅಪಾಯವಿಲ್ಲದ ಒಂದು ಅಭ್ಯಾಸದ ದೃಶ್ಯದಲ್ಲಿ ಓದುಗರಿಗೆ ಕಲಿಸಿಬಿಡಿ. ನಿಮ್ಮ ನಾಯಿಯ ಹೆಸರು ಬೆಳ್ಳಿ ಎಂದುಕೊಳ್ಳಿ. ಆಮೇಲೆ ಇನ್ನೂರನೇ ಪುಟದಲ್ಲಿ "ಬೆಳ್ಳಿ ಬಾಯಿ ಮುಚ್ಚಿತು" ಎಂದು ಮೂರೇ ಪದ ಬರೆದರೆ ಓದುಗರ ಮೈ ಜುಮ್ಮೆನ್ನುತ್ತದೆ. ವಿವರಿಸುವ ಅಗತ್ಯವೇ ಇರುವುದಿಲ್ಲ.

ಇನ್ನು ಹ್ಯಾಂಡ್ಲರ್‌ನ ತಪ್ಪು. ನಾಯಿ ಹಗ್ಗ ಹಿಡಿದವನ ಮನಸ್ಸನ್ನೂ ಓದುತ್ತದೆ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಒಂದು ಪ್ರಯೋಗ ಪ್ರಕಟಿಸಿದರು. 18 ಜೋಡಿ ನಾಯಿ ಮತ್ತು ಹ್ಯಾಂಡ್ಲರ್‌ಗಳನ್ನು ಒಂದು ಕಟ್ಟಡಕ್ಕೆ ಬಿಟ್ಟರು. ಒಳಗೆ ಹುಡುಕಬೇಕಾದ ವಸ್ತು ಎಲ್ಲೂ ಇರಲಿಲ್ಲ. ಆದರೆ ಕಾಗದದ ಗುರುತು ಇರುವಲ್ಲಿ ವಸ್ತು ಇದೆ ಎಂದು ಹ್ಯಾಂಡ್ಲರ್‌ಗಳಿಗೆ ನಂಬಿಸಿದ್ದರು. ಆ ಗುರುತುಗಳ ಹತ್ತಿರವೇ "ನಾಯಿ ಸೂಚನೆ ಕೊಟ್ಟಿತು" ಎನ್ನುವ ವರದಿಗಳು ಹೆಚ್ಚು ಬಂದವು.

ಇದನ್ನು ಕಥೆಗೆ ತನ್ನಿ. ನಿಮ್ಮ ಹ್ಯಾಂಡ್ಲರ್‌ಗೆ ಒಬ್ಬ ವ್ಯಕ್ತಿಯ ಮೇಲೆ ಮೊದಲೇ ಅನುಮಾನವಿದೆ. ನಾಯಿ ಆ ವ್ಯಕ್ತಿಯ ಮನೆ ಮುಂದೆ ಕೂರುತ್ತದೆ. ಕೂತದ್ದು ವಾಸನೆಗೋ, ಹ್ಯಾಂಡ್ಲರ್ ಒಂದು ಕ್ಷಣ ಹೆಜ್ಜೆ ನಿಧಾನ ಮಾಡಿದ್ದಕ್ಕೋ? ಅವನಿಗೇ ಖಾತ್ರಿಯಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ.

ಹಂತ 5: ಅಪರಾಧ ಮತ್ತು ಕಾನೂನನ್ನು ಗಟ್ಟಿ ಮಾಡಿಕೊಳ್ಳಿ

ಹುಲಿ ಸತ್ತರೆ ಏನೇನು ನಡೆಯುತ್ತದೆ ಎಂದು ತಿಳಿದುಕೊಳ್ಳಿ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮದ ಪ್ರಕಾರ, ಬೇರೆ ಕಾರಣ ಎಂದು ಸಾಬೀತಾಗುವವರೆಗೆ ಹುಲಿಯ ಸಾವನ್ನು ಕಳ್ಳಬೇಟೆ ಎಂದೇ ನೋಡಬೇಕು. ಮರಣೋತ್ತರ ಪರೀಕ್ಷೆಯಾಗಿ, ಸಾಕ್ಷಿಗಳ ಮುಂದೆ ದೇಹ ಸುಡುತ್ತಾರೆ. ಪ್ರತಿ ಹುಲಿಯ ಪಟ್ಟೆಯೂ ಬೇರೆ. ಎಲ್ಲೋ ದೂರದಲ್ಲಿ ಸಿಕ್ಕ ಚರ್ಮವನ್ನು ಕ್ಯಾಮೆರಾ ಟ್ರ್ಯಾಪ್ ಫೋಟೋಗಳ ಜೊತೆ ಹೋಲಿಸಿ, ಅದು ಯಾವ ಕಾಡಿನ ಹುಲಿ ಎಂದು ಹೇಳಬಹುದು. ಕ್ಯಾಮೆರಾ ಟ್ರ್ಯಾಪ್ ಅಂದರೆ ಮರಕ್ಕೆ ಕಟ್ಟಿದ, ಮುಂದೆ ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ. ಅದರ ಮುಂದೆ ಮನುಷ್ಯ ಹಾದರೂ ಫೋಟೋ ಬೀಳುತ್ತದೆ, ಮರೆಯಬೇಡಿ.

ಪರಿಶಿಷ್ಟ 1ರ ಪ್ರಾಣಿಯನ್ನು, ಅಂದರೆ ಕಾನೂನಿನಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಹುಲಿ, ಆನೆಯಂಥವನ್ನು, ಕೊಂದರೆ 3ರಿಂದ 7 ವರ್ಷ ಜೈಲು. ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಈಗ ಬಹಳ ಜನ ಮರೆಯುವ ಮಾತು. ನಾಯಿ ತೋರಿಸಿತು ಎಂದಷ್ಟಕ್ಕೇ ಶಿಕ್ಷೆ ಆಗುವುದಿಲ್ಲ. ನಾಯಿ ಕಟಕಟೆಗೆ ಬಂದು ಸಾಕ್ಷಿ ಹೇಳಲಾರದು, ಹ್ಯಾಂಡ್ಲರ್ ಹೇಳುವುದು ನಾಯಿಯ ಪರವಾದ ಮಾತು. ಈ ಆಕ್ಷೇಪಗಳನ್ನು ಸುಪ್ರೀಂ ಕೋರ್ಟ್ 1969ರಲ್ಲೇ ಚರ್ಚಿಸಿದೆ. ನಾಯಿಯ ಜಾಡಿಗೆ ಹೆಚ್ಚು ತೂಕ ಕೊಡಲಾಗದು ಎಂಬ ನಿಲುವು ಅಲ್ಲಿಂದ ಬಂದಿದೆ. ಅಂದರೆ ನಿಮ್ಮ ಬೆಳ್ಳಿ ಅಪರಾಧಿಯ ಮುಂದೆ ಕೂತರೂ ಕಥೆ ಮುಗಿಯುವುದಿಲ್ಲ. ಈಗ ಮೂಳೆ ಬೇಕು, ಚೀಲ ಬೇಕು, ಮಹಜರು ಬೇಕು. ಗೊತ್ತಿದ್ದೂ ಏನೂ ಮಾಡಲಾಗದ ಈ ಸ್ಥಿತಿಯನ್ನು ಕಾದಂಬರಿಯ ನಡುಭಾಗಕ್ಕೆ ಇಟ್ಟುಕೊಳ್ಳಿ.

ಎರಡು ಎಚ್ಚರಿಕೆಗಳು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಮೊದಲನೆಯದು, ನಿಮ್ಮ ಕಥೆ ಕಳ್ಳಬೇಟೆಯ ಪಾಠವಾಗಬಾರದು. ಉರುಳು ಕಂಡಿತು, ಕಾಲಿಗೆ ಸಿಕ್ಕಿತು ಎಂದರೆ ಸಾಕು. ಹೇಗೆ ಕಟ್ಟಬೇಕು, ಯಾವ ವಿಷ, ಎಷ್ಟು ಎಂಬುದು ಬೇಡ. ನಿಜವಾದ ಹುಲಿ ಮರಿ ಹಾಕಿದ ಜಾಗದ ಗುರುತೂ ಬೇಡ.

ಎರಡನೆಯದು, ಸೋಲಿಗರು, ಜೇನುಕುರುಬರು. ಕಾಡಿನ ಕಥೆ ಎಂದ ಕೂಡಲೇ ಇವರನ್ನು ಒಂದೋ ಮಂತ್ರ ಬಲ್ಲವರಂತೆ, ಇಲ್ಲವೇ ಕಳ್ಳರಿಗೆ ದಾರಿ ತೋರಿಸುವವರಂತೆ ಬರೆಯುವ ಚಾಳಿ ಇದೆ. ಈ ಕಾಡುಗಳಲ್ಲಿ ಗಸ್ತು ತಿರುಗುವ ವಾಚರ್‌ಗಳಲ್ಲಿ ಬಹಳ ಮಂದಿ ಇವರೇ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದಕ್ಕಾಗಿ ಅವರು ಪಟ್ಟ ಪಾಡು ಸಣ್ಣದಲ್ಲ. ಮುರಿದ ಹುಲ್ಲುಕಡ್ಡಿ ನೋಡಿ ಎಷ್ಟು ಹೊತ್ತಾಯಿತು ಎಂದು ಹೇಳುವುದು ಮಂತ್ರವಲ್ಲ, ವರ್ಷಗಟ್ಟಲೆ ಕಲಿತ ವಿದ್ಯೆ. ನಾಯಿಯ ಮೂಗು ಸೋತ ಕಡೆ ಈ ಕಣ್ಣು ಗೆಲ್ಲಲಿ. ಪಾತ್ರಕ್ಕೆ ಹೆಸರು, ಸಂಸಾರ, ಸಿಟ್ಟು, ಸಂಬಳದ ಚಿಂತೆ ಎಲ್ಲ ಕೊಡಿ.

ಹಂತ 6: ಗಡಿಯಾರ ಇಡಿ

ಥ್ರಿಲ್ಲರ್‌ಗೆ ಟಿಕ್‌ಟಿಕ್ ಬೇಕು. ಬಂಡೀಪುರದಲ್ಲಿ ಅದು ತಯಾರಾಗಿಯೇ ಇದೆ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧ ಇದೆ. ರಾತ್ರಿ 9ಕ್ಕೆ ಗೇಟ್ ಬೀಳುತ್ತದೆ, ಬೆಳಿಗ್ಗೆ 6ಕ್ಕೆ ಏಳುತ್ತದೆ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ, ಕೆಲವೇ ಬಸ್‌ಗಳಿಗೆ ಮಾತ್ರ ಅವಕಾಶ. ಮದ್ದೂರು ಚೆಕ್‌ಪೋಸ್ಟ್ ದಾಟಿದ ಗಾಡಿ ಮೂಲೆಹೊಳೆಗೆ ಬರಲಿಲ್ಲ ಅಂದರೆ, ಅದು ಕಾಡೊಳಗೇ ಇದೆ. ಒಂಬತ್ತು ಗಂಟೆಯ ರಾತ್ರಿ, ಎರಡು ಗೇಟ್, ನಡುವೆ ಒಂದು ಗಾಡಿ. ಅದರಾಚೆ ಬೇರೆ ರಾಜ್ಯ, ಬೇರೆ ಇಲಾಖೆ, ಬೇರೆ ಭಾಷೆ.

ಇನ್ನೊಂದು ಗಡಿಯಾರ ವಾಸನೆಯದ್ದು, ಹಂತ 3ರಲ್ಲಿ ಹೇಳಿದ್ದೇನೆ. ಮೂರನೆಯದು ನಾಯಿಯ ದೇಹ. ಮೂರನ್ನೂ ಒಂದೇ ಕಾಗದದಲ್ಲಿ ಗಂಟೆಗಂಟೆಗೆ ಬರೆದಿಡಿ. ಹೀಗೆ ಬರೆದಾಗಲೇ "ಅಯ್ಯೋ, ಎರಡು ಗಂಟೆಗೆ ಬಿಸಿಲಲ್ಲಿ ನಾಯಿ ಓಡಿಸಿದ್ದೇನೆ" ಎಂಬ ತಪ್ಪು ಕಾಣುವುದು.

ಹಂತ 7: ನಾಯಿಗೆ ಕಾಡಿನಲ್ಲಿ ನಿಜವಾಗಿ ಏನು ಅಪಾಯ?

ಗುಂಡು, ಚಾಕು ಆಮೇಲೆ. ಮೊದಲ ಅಪಾಯ ಚಿರತೆ. ಕಾಡಂಚಿನ ಊರುಗಳಲ್ಲಿ ಚಿರತೆಗೆ ನಾಯಿ ಅಂದರೆ ಊಟ, ಇದು ಅಲ್ಲಿಯ ಮಕ್ಕಳಿಗೂ ಗೊತ್ತು. ಸಂಜೆ ಹೊತ್ತು ಲಂಟಾನದ ಪಕ್ಕ ನಾಯಿ ಕರೆದುಕೊಂಡು ನಡೆಯುವ ಹ್ಯಾಂಡ್ಲರ್‌ನ ಬೆನ್ನು ಹೇಗಿರುತ್ತದೆ, ಅದನ್ನು ಬರೆಯಿರಿ. ಎರಡನೆಯದು ಆನೆ. ನಾಯಿ ಬೊಗಳಿದರೆ ಆನೆ ಕೆರಳುತ್ತದೆ. ಹೆದರಿದ ನಾಯಿ ಓಡಿಬರುವುದು ನೇರ ಒಡೆಯನ ಹತ್ತಿರಕ್ಕೇ, ಆನೆಯೂ ಹಿಂದೆಯೇ. ಆದ್ದರಿಂದ ಕಾಡಿನ ನಾಯಿ ಮೌನವಾಗಿರಬೇಕು. ಮೂರನೆಯದು ಉರುಳು, ವಿಷ, ಹಂದಿಗೆ ಇಟ್ಟ ಸಿಡಿಮದ್ದು. ನೆಲದ ಮೇಲೆ ಬಿದ್ದದ್ದನ್ನು ತಿನ್ನದಂತೆ ಕಲಿಸಿದ ನಾಯಿ ಒಂದು ಮಾಂಸದ ತುಂಡಿನ ಮುಂದೆ ನಿಂತು ಹ್ಯಾಂಡ್ಲರ್‌ನ ಮುಖ ನೋಡುವ ದೃಶ್ಯ, ಎಷ್ಟು ಬೇಕಾದರೂ ಎಳೆಯಬಹುದು.

ನಾಯಿಯಿಂದ ಕಾಡಿಗೂ ಅಪಾಯವಿದೆ, ಇದನ್ನು ಬರೆದವರನ್ನು ನಾನು ಕಂಡಿಲ್ಲ. ಕೆನೈನ್ ಡಿಸ್ಟೆಂಪರ್ ಎಂಬ ವೈರಸ್ ನಾಯಿಗಳ ರೋಗ, ಕಾಡುಪ್ರಾಣಿಗಳಿಗೂ ಹರಡುತ್ತದೆ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಈ ವೈರಸ್ ಪತ್ತೆಯಾಗಿತ್ತು. ಹಾಗಾಗಿ ಇಲಾಖೆಯ ನಾಯಿಯ ಲಸಿಕೆ ಪುಸ್ತಕ ಸಣ್ಣ ವಿಷಯವಲ್ಲ. ಹುಡುಕಾಟಕ್ಕೆ ನೆರವಾಗಲು ಹೊರಗಿನಿಂದ ಯಾರೋ ತಂದ ನಾಯಿಗೆ ಲಸಿಕೆ ಆಗಿಲ್ಲ, ಅತ್ತ ಮನುಷ್ಯನ ಜೀವ ಹೋಗುತ್ತಿದೆ. ಆರ್‌ಎಫ್‌ಓ ಒಳಗೆ ಬಿಡಬೇಕೋ ಬೇಡವೋ? ಇಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ಕೈ ನಡುಗುತ್ತದೆ. ವನ್ಯಜೀವಿ ಸಂರಕ್ಷಣೆ ಕಥೆಗೆ ಹಿನ್ನೆಲೆ ಚಿತ್ರವಾಗದೆ ಕಥೆಯೇ ಆಗುವುದು ಇಂಥ ಕಡೆ.

ಹಂತ 8: ನಾಲ್ಕು ಸಾಲಿನ ಪಟ್ಟಿ ಮಾಡಿ

ಪ್ರತಿ ಅಧ್ಯಾಯಕ್ಕೂ ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಾಲು ಬರೆಯಿರಿ: ನಾಯಿಗೆ ಏನು ಗೊತ್ತು, ಹ್ಯಾಂಡ್ಲರ್‌ಗೆ ಏನು ಗೊತ್ತು, ಅಪರಾಧಿಗೆ ಏನು ಗೊತ್ತು, ಓದುಗರಿಗೆ ಏನು ಗೊತ್ತು. ನಾಲ್ಕೂ ಒಂದೇ ಆಗಿರುವ ಅಧ್ಯಾಯದಲ್ಲಿ ಸಸ್ಪೆನ್ಸ್ ಸತ್ತಿದೆ ಎಂದರ್ಥ. ಜೀಪಿನ ಉದಾಹರಣೆಯಲ್ಲಿ, ನಾಯಿಗೆ ಮೂಳೆಯ ವಾಸನೆ ಗೊತ್ತು. ಹ್ಯಾಂಡ್ಲರ್‌ಗೆ ಅದು ಹಳೇ ವಾಸನೆ ಎಂಬ ನಂಬಿಕೆ. ಅಪರಾಧಿಗೆ ನಾಯಿ ಕೂತದ್ದು ಕಂಡಿದೆ. ಓದುಗರಿಗೆ, ಅಪರಾಧಿ ಕಂಡದ್ದು ಕಂಡಿದೆ. ಇನ್ನು ಮುಂದೆ ನಾಯಿಯ ಊಟದ ತಟ್ಟೆ ತೋರಿಸಿದರೂ ಸಾಕು, ಓದುವವರು ಹೆದರುತ್ತಾರೆ.

ಹಂತ 9: ದೃಶ್ಯ ಬರೆಯುವಾಗ

ನಾಯಿಯ ತಲೆಯೊಳಗೆ ಹೋಗಬೇಡಿ. "ಇವನೇ ಕಳ್ಳ ಎಂದು ಬೆಳ್ಳಿ ಯೋಚಿಸಿತು" ಎಂದ ಕೂಡಲೇ ಹಗ್ಗ ಕಡಿದುಹೋಯಿತು. ಹೋಗಲೇಬೇಕೆಂದರೆ ವಾಸನೆ, ಸದ್ದು, ನೆಲದ ಬಿಸಿ ಮಾತ್ರ ಬರೆಯಿರಿ. ನಾಯಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ಹಾಗಾಗಿ ಹಸಿರು ಎಲೆಯ ಮೇಲಿನ ಕೆಂಪು ರಕ್ತ ಅದರ ಕಣ್ಣಿಗೆ ಬೀಳುವಂತೆ ಬರೆಯಬೇಡಿ.

ಮಾತು ಆ ನೆಲದ್ದಾಗಿರಲಿ. ಒಂದು ಸಣ್ಣ ಮಾದರಿ ಕೊಡುತ್ತೇನೆ, ಹೆಸರುಗಳು ನನ್ನ ಕಲ್ಪನೆ:

ಹಗ್ಗ ಬಿಗಿಯಾಯಿತು. ಮಾದೇಶ ನಿಂತ. ಬೆಳ್ಳಿ ಹಳ್ಳದ ಕಡೆ ಮುಖ ಮಾಡಿತ್ತು.
"ಸಾ, ಆ ಕಡೆ ಎಳೀತಾದೆ."
"ಹೆಜ್ಜೆ ಇರೋದು ಈ ಕಡೆ ಮಾದೇಶ. ಕಣ್ಣಿಗೆ ಕಾಣ್ತಿದೆಯಲ್ಲ."
"ಹೆಜ್ಜೆ ನಂಗೂ ಕಾಣ್ತಾದೆ ಸಾ."
ಸಾಹೇಬರು ವಾಚ್ ನೋಡಿಕೊಂಡರು. ಬೆಳ್ಳಿ ಬಾಯಿ ಮುಚ್ಚಿತು.

ಇಲ್ಲಿ ನಾಯಿ ಬೊಗಳಿಲ್ಲ, ಯಾರೂ ಕೂಗಾಡಿಲ್ಲ. ಸಾಹೇಬರು ಕಣ್ಣಿಗೆ ಕಾಣುವುದನ್ನು ನಂಬಿದ್ದಾರೆ, ಅದು ತಪ್ಪೂ ಅಲ್ಲ. ಮಾದೇಶ ಎದುರು ಮಾತಾಡುವಂತಿಲ್ಲ, ಅವನ ಕೆಲಸ ಕಾಯಂ ಅಲ್ಲ. ಆ ಕಾರಣವನ್ನು ಈ ದೃಶ್ಯದಲ್ಲಿ ಹೇಳಬೇಡಿ, ಹಿಂದೆಯೇ ಹೇಳಿರಿ.

ಹಂತ 10: ಕೊನೆ, ಮತ್ತೆ ತಿದ್ದುವುದು

ಕಣ್ಣೀರು ತರಿಸಲು ನಾಯಿಯನ್ನು ಕೊಲ್ಲಬೇಡಿ. ಕಥೆಗೆ ಅದು ಬೇಕೇಬೇಕಾಗಿದ್ದರೆ ಮಾತು ಬೇರೆ. ಆದರೆ ನನ್ನ ಕೈಗೆ ಬರುವ ಬರಹಗಳಲ್ಲಿ ಬಹಳಷ್ಟು ನಾಯಿಗಳು ಲೇಖಕರಿಗೆ ಬೇರೆ ದಾರಿ ತೋಚದೆ ಸಾಯುತ್ತವೆ. ಕೆಲಸದ ನಾಯಿಗೆ ಎಂಟು ಹತ್ತು ವರ್ಷವಾದ ಮೇಲೆ ನಿವೃತ್ತಿ ಇದೆ. ಎದೆಪಟ್ಟಿ ಇನ್ನೊಂದು ನಾಯಿಗೆ ಹೋಗುತ್ತದೆ. ಹಳೇ ನಾಯಿ ಬೆಳ್ಬೆಳಿಗ್ಗೆ ಎದ್ದು ಜೀಪಿನ ಹತ್ತಿರ ಹೋಗಿ ನಿಲ್ಲುತ್ತದೆ. ಇದನ್ನು ಬರೆಯಲು ಪ್ರಯತ್ನಿಸಿ, ಸಾವಿಗಿಂತ ಕಷ್ಟ.

ಬರೆದು ಮುಗಿದ ಮೇಲೆ ಸಾಹಿತ್ಯ ಬಲ್ಲ ಗೆಳೆಯರಿಗೆ ಕೊಡುವ ಮೊದಲು, ನಾಯಿ ಪಳಗಿಸಿದ ಒಬ್ಬರಿಗೆ ಓದಿ ಹೇಳಿ. ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದವರು ಸಿಕ್ಕರೂ ಸಾಕು. ಹಸ್ತಪ್ರತಿಯನ್ನು ಅವರ ಕೈಗೆ ಕೊಟ್ಟು ಬರಬೇಡಿ, ಎದುರು ಕೂತು ನೀವೇ ಓದಿ. ಅವರು ತಲೆಯಾಡಿಸುವ ಕಡೆ ನಿಲ್ಲಿಸಬೇಡಿ. "ಹಂಗೆ ಮಾಡಲ್ಲ ಸಾರ್ ಅದು" ಎನ್ನುವ ಕಡೆ ನಿಲ್ಲಿಸಿ, ಪೆನ್ನು ತೆಗೆದು, "ಮತ್ತೆ ಹೆಂಗೆ ಮಾಡುತ್ತೆ?" ಎಂದು ಕೇಳಿ. ಅವರು ಎದ್ದು ನಿಂತು, ಕೈಯಲ್ಲಿ ಇಲ್ಲದ ಹಗ್ಗವನ್ನು ಹಿಡಿದು ತೋರಿಸುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳಿ.